ಕೊಡೋಳು, ಹಿಡಿಯೋಳು

ಆ ಭಾನುವಾರ ಬೆಳಗ್ಗೆ ಗಾಳಿ ಎದ್ದಿತ್ತು. ಮೋಡವಿಲ್ಲ, ಮಳೆಯ ಸುಳಿವಿಲ್ಲ, ಬರಿಯ ಗಾಳಿ. ಒಂದು ಗಳಿಗೆ ಬೀಸಿ ಬೀದಿಯ ಧೂಳನ್ನೆಲ್ಲ ಎತ್ತಿ ಹಾಕುವುದು, ಮರುಗಳಿಗೆ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಾಗುವುದು. ಸುಮ್ಮನಾಯಿತೆಂದು ಕಿಟಕಿ ತೆರೆದರೆ ಸಾಕು, ಮೂಲೆಯಲ್ಲಿ ಕಾದು ಕುಳಿತಿದ್ದಂತೆ ನುಗ್ಗಿ ಬಂದು ಬಾಗಿಲು ಬಡಿಯುವುದು. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಕೊಕ್ಕೆ ಸಡಿಲಗೊಂಡು ವರ್ಷವಾಗಿತ್ತು. ಪುಟ್ಟಿ ಕಾಗದ ಮಡಿಸಿ ಸಂದಿಗೆ ಸಿಕ್ಕಿಸಿದಳು. ಗಾಳಿ ಕಿತ್ತು ಬಿಸಾಡಿತು. ಮತ್ತೆ ಸಿಕ್ಕಿಸಿದಳು.

"ಅದನ್ನ ಅದರ ಪಾಡಿಗೆ ಬಿಡೇ, ಬಡ್ಕೊಳ್ಳಲಿ" ಎಂದಳು ಅಕ್ಕ. "ಐದು ಗಂಟೆಗೇ ಎದ್ದು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡ್ತಾ ಇದೀಯ. ಕಾಲಿಗೆ ಚಕ್ರ ಕಟ್ಕೊಂಡಿದೀಯೇನು? ಕೆಳಗಿನ ಮನೆಯವರು ಕೋಲು ತಗೊಂಡು ಸೂರು ಕುಟ್ತಾರೆ ನೋಡು."

"ಕುಟ್ಟಲಿ. ಅವರ ಸೂರು ತಾನೇ."

"ನಮ್ಮ ನೆಲ ಕಣೇ ಅದು" ಎಂದು ಅಕ್ಕ ನಕ್ಕಳು.

ಪುಟ್ಟಿಗೆ ಇಪ್ಪತ್ತೇಳು ದಾಟಿತ್ತು. ಪುಟ್ಟಿ ಎಂಬುದು ಮನೆಯೊಳಗಿನ ಹೆಸರು. ಅವಳು ಕುಣಿಯುತ್ತಿದ್ದ ನೃತ್ಯತಂಡದಲ್ಲಿ ಅವಳಿಗೆ ಇನ್ನೊಂದು ಹೆಸರಿತ್ತು. ಅಲ್ಲಿ ಎಲ್ಲರೂ ಅವಳನ್ನು 'ಲಾಂಡ್ರಿ' ಎನ್ನುತ್ತಿದ್ದರು. ಆ ಹೆಸರು ಅಕ್ಕನ ಕಿವಿಗೆ ಬೀಳದಂತೆ ಎರಡು ವರ್ಷ ಕಾಪಾಡಿಕೊಂಡು ಬಂದಿದ್ದಳು. ಇವತ್ತು ಆ ಗುಟ್ಟು ಉಳಿಯುತ್ತದೋ ಇಲ್ಲವೋ ಎಂಬುದೇ ಅವಳನ್ನು ಐದು ಗಂಟೆಗೆ ಎಬ್ಬಿಸಿ ಕೂರಿಸಿದ್ದು.

ಅಕ್ಕ ಎಂದಿನಂತೆ ಕಿಟಕಿಯ ಬೆಳಕಿಗೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತಳು. ಕೆಲಸಕ್ಕೆ ಹೊರಡುವ ಮುಂಚೆ ದೇವರ ಜೊತೆ ಎರಡು ಮಾತು ಆಡದೆ ಅವಳು ಹೊಸ್ತಿಲು ದಾಟಿದವಳಲ್ಲ. ಮಾತೂ ಬಹಳವಿಲ್ಲ. "ಇವತ್ತಿನ ಕೆಲಸಕ್ಕೆ ಇವತ್ತಿನ ಕೈ ಕೊಡಪ್ಪಾ" ಅಷ್ಟೆ. ನಾಳೆಯದನ್ನು ನಾಳೆ ಕೇಳಿದರಾಯಿತು, ಅವನಿಗೂ ಒಂದೇ ಸಲ ಹೊರೆ ಹೊರಿಸಬಾರದು ಎಂಬುದು ಅವಳ ಲೆಕ್ಕಾಚಾರ. ಆಮೇಲೆ ಕೆಲಸದ ನೀಲಿ ಕೋಟು ತೊಟ್ಟು, ತನ್ನದೇ ರೀತಿಯಲ್ಲಿ, ತೋರುಬೆರಳು ನಡುಬೆರಳುಗಳ ನಡುವೆ ಗುಂಡಿಯನ್ನು ಇಕ್ಕಳದಂತೆ ಹಿಡಿದು ಒಂದೊಂದಾಗಿ ಹಾಕಿಕೊಂಡಳು.

"ಭಾನುವಾರವೂ ಡ್ಯೂಟೀನಾ?" ಎಂದು ಕೇಳಿದಳು ಪುಟ್ಟಿ.

"ಹೂಂ. ಸ್ಪೆಷಲ್ ಡ್ಯೂಟಿ" ಎಂದಳು ಅಕ್ಕ, ಕನ್ನಡಿಯ ಕಡೆ ತಿರುಗಿ. ತುಟಿಯ ಕೊನೆಯಲ್ಲಿ ತಡೆದ ನಗುವಿತ್ತು. ಪುಟ್ಟಿ ಅದನ್ನು ನೋಡಲಿಲ್ಲ. ಡ್ಯೂಟಿ ಎಂಬ ಮಾತಿಗೇ ಅವಳ ಜೀವ ಅರ್ಧ ಹಿಂದಿರುಗಿ ಬಂದಿತ್ತು.

ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಕ್ಕ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹದಿನೆಂಟು ವರ್ಷದಿಂದ ಇದ್ದಳು. ಅಮ್ಮ ತೀರಿಕೊಂಡ ವರ್ಷ ಸೇರಿದ್ದು. ಆಗ ಪುಟ್ಟಿಗೆ ಒಂಬತ್ತು. ರೋಗಿಗಳ ಕೆಳಗಿನಿಂದ ಬಂದ ಬೆಡ್‌ಶೀಟುಗಳು ಕುದಿನೀರಿನಲ್ಲಿ ಮಿಂದು, ತಿರುಗಿ, ಹಿಂಡಿಸಿಕೊಂಡು, ರೋಲರ್ ಮಿಷನ್ನಿನ ಎರಡು ಬಿಸಿ ಉರುಳೆಗಳ ನಡುವೆ ಹಾದು ಹೊರಗೆ ಬರುತ್ತಿದ್ದವು. ಬಂದ ಬಂದ ಹಾಗೆ ಇಬ್ಬರು ನಿಂತು ಮಡಿಸಬೇಕು. ಇಬ್ಬರೂ ಎರಡೆರಡು ಮೂಲೆ ಹಿಡಿದು ಎಳೆದು, ಫಟ್ಟೆಂದು ಒಮ್ಮೆ ಜಾಡಿಸಿ, ಒಬ್ಬಳು ನಡೆದು ಬಂದು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಯಲ್ಲಿಟ್ಟು, ಬಗ್ಗಿ, ನೆಲಕ್ಕೆ ತಾಗುವ ಮುಂಚೆ ನಡುಮಡಿಕೆಯನ್ನು ಎತ್ತಿಕೊಳ್ಳುತ್ತಾಳೆ. ನಡೆದು ಬರುವವಳು ಕೊಡೋಳು, ನಿಂತು ತೆಗೆದುಕೊಳ್ಳುವವಳು ಹಿಡಿಯೋಳು. ಲಾಂಡ್ರಿಯಲ್ಲಿ ಹೊಸಬರು ಕೊಡೋಳು, ಹಳಬರು ಹಿಡಿಯೋಳು. ಮನೆಯಲ್ಲಿ ರಜೆಯ ದಿನ ಅಕ್ಕತಂಗಿ ತಮ್ಮದೇ ಬೆಡ್‌ಶೀಟುಗಳನ್ನು ಹಾಗೇ ಮಡಿಸುತ್ತಿದ್ದರು. ಅಕ್ಕ ಹಿಡಿಯೋಳು, ಪುಟ್ಟಿ ಕೊಡೋಳು. ಮೊದಮೊದಲು ನಡುಮಡಿಕೆ ಎತ್ತುವಷ್ಟರಲ್ಲಿ ನೆಲಕ್ಕೆ ಬೀಳಿಸಿ ಬೈಸಿಕೊಳ್ಳುತ್ತಿದ್ದ ಹುಡುಗಿ ಹತ್ತು ತುಂಬುವಷ್ಟರಲ್ಲಿ ಕಣ್ಣು ಮುಚ್ಚಿ ಮಡಿಸುವಂತಾದಳು.

ಆದರೆ ಪುಟ್ಟಿ ಲಾಂಡ್ರಿಯ ಒಳಗೆ ಒಂದು ದಿನವೂ ಕೆಲಸ ಮಾಡಿದವಳಲ್ಲ. ಅವಳು ಮಾಡಿದ್ದು ಫೋನಿನ ಕೆಲಸ. ನಾಲ್ಕು ವರ್ಷ ಕಿವಿಗೊಂದು ಬಾಯಿಗೊಂದು ತೂಗುಹಾಕಿಕೊಂಡು, "ದಯವಿಟ್ಟು ಲೈನಿನಲ್ಲೇ ಇರಿ" ಎಂದು ಕಾಣದ ಜನಕ್ಕೆ ಹೇಳುತ್ತ, ಕುರ್ಚಿಯ ಮೇಲೆ ಕುಳಿತೇ ಇದ್ದವಳು. ಆ ಆಫೀಸಿನಲ್ಲಿ ಯಾರಾದರೂ ಕೇಳಿದರೆ "ನಮ್ಮಕ್ಕ ಆಸ್ಪತ್ರೆಯಲ್ಲಿದ್ದಾಳೆ" ಎನ್ನುತ್ತಿದ್ದಳು. ಕೇಳಿದವರು ನರ್ಸೆಂದು ತಿಳಿದುಕೊಂಡರೆ ತಿದ್ದುತ್ತಿರಲಿಲ್ಲ. ಲಾಂಡ್ರಿ ಎಂಬ ಮಾತು ಅಂದು ಅವಳ ಬಾಯಿಗೆ ಬರುತ್ತಿರಲಿಲ್ಲ. ಮುಂದೆ ಅದೇ ಮಾತು ಅವಳ ಹೆಸರಾಗಿ ಕೂತಿತು. ದೇವರು ಕೆಲವೊಮ್ಮೆ ಹೀಗೆ ಮೆಲ್ಲಗೆ ತಮಾಷೆ ಮಾಡುತ್ತಾನೆ.

ಕೂತದ್ದು ಹೀಗೆ. ನೃತ್ಯತಂಡ ನಡೆಸುತ್ತಿದ್ದವರು ಹದಿನೈದು ವರ್ಷ ಶಾಲೆಯಲ್ಲಿ ರೇಖಾಗಣಿತ ಹೇಳಿ ಬಿಟ್ಟು ಬಂದವರು. ಎಲ್ಲರಿಗೂ ಅವರು ಮೇಷ್ಟ್ರೇ. ಜೇಬಿನಲ್ಲಿ ಈಗಲೂ ಸೀಮೆಸುಣ್ಣ. ಕುಣಿತದ ಶಾಲೆಯಿಂದ ಬಂದ ಒಬ್ಬರನ್ನೂ ಅವರು ಸೇರಿಸಿಕೊಂಡಿರಲಿಲ್ಲ. ಅವರ ಎಂಟು ಜನರಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬ ವೆಲ್ಡರ್, ಒಬ್ಬಳು ನರ್ಸು, ಒಬ್ಬ ದರ್ಜಿ, ಉಳಿದವರೂ ಅಂಥವರೇ. "ಹತ್ತು ವರ್ಷ ಒಂದೇ ಕೆಲಸ ಮಾಡಿದ ಮೈಗೆ ನಾನೇನು ಕಲಿಸ್ಲಿ? ಅದಕ್ಕೇ ಗೊತ್ತಿರುತ್ತೆ. ನಾನು ಸುಮ್ನೆ ಗೀಟು ಹಾಕಿ ಕೊಡ್ತೀನಿ" ಎನ್ನುತ್ತಿದ್ದರು. ಆಯ್ಕೆಯ ದಿನ ಬಂದವರಿಗೆಲ್ಲ ಒಂದೇ ಪ್ರಶ್ನೆ: "ಏನು ಕೆಲಸ ಮಾಡ್ತಿದ್ದೆ? ಬಾಯಿ ಬೇಡ, ಕೈ ಹೇಳಲಿ."

ಪುಟ್ಟಿಯ ಮುಂದಿನವನು ವೆಲ್ಡರ್. ಅವನು ಕುಕ್ಕರಗಾಲಿನಲ್ಲಿ ಕುಳಿತು ಇಲ್ಲದ ಕಿಡಿಗೆ ಮುಖ ತಿರುಗಿಸಿದಾಗ ಕೋಣೆಯಲ್ಲಿ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು. ಆಮೇಲೆ ಪುಟ್ಟಿಯ ಸರದಿ. ಅವಳ ಕಸುಬಿನಲ್ಲಿ ಆಡುತ್ತಿದ್ದದ್ದು ಬಾಯಿಯೊಂದೇ. ಬಾಯಿ ಬೇಡ ಎಂದುಬಿಟ್ಟಿದ್ದಾರೆ. ನಿಂತಳು. ಯಾವ ಗಳಿಗೆಯಲ್ಲೋ ಕೈಗಳು ತಾವಾಗಿ ಎದ್ದು, ಗಾಳಿಯಲ್ಲಿ ಎರಡು ಮೂಲೆ ಹಿಡಿದು, ಫಟ್ಟೆಂದು ಜಾಡಿಸಿ, ನಡೆದು, ಬಗ್ಗಿ, ಎತ್ತಿ, ಮಡಿಸಿ ಮುಗಿಸಿದ್ದವು.

"ಎಲ್ಲಿ?" ಎಂದರು ಮೇಷ್ಟ್ರು.

"ಲಾಂಡ್ರಿ ಸರ್. ಆಸ್ಪತ್ರೆ ಲಾಂಡ್ರಿ. ಬೇರೆ ಊರಲ್ಲಿ."

"ಎಷ್ಟು ವರ್ಷ?"

"ಆರು."

ಆ ಆರು ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಒಂದು ಸುಳ್ಳಿಗೆ ಹೆಸರಿಟ್ಟ ಮೇಲೆ ಅದು ಮಗುವಿನ ಹಾಗೆ, ಬೆಳೆಯುತ್ತದೆ. ಲಾಂಡ್ರಿ ಎಂದು ಕರೆದರು, ಓಗೊಟ್ಟಳು. ಈ ವರ್ಷದ ಹೊಸ ನೃತ್ಯಕ್ಕೆ 'ಕಸುಬು' ಎಂದು ಹೆಸರಿಟ್ಟು, ಅದರ ಕೊನೆಯ ಭಾಗಕ್ಕೆ ಅವಳ ಬೆಡ್‌ಶೀಟನ್ನೇ ಆರಿಸಿಕೊಂಡರು. ಉಳಿದ ಏಳೂ ಜನರಿಗೆ ಅವಳೇ ಕಲಿಸಿದಳು. ಎಲ್ಲಕ್ಕಿಂತ ಹೆಚ್ಚಾಗಿ ಮೇಷ್ಟ್ರ ಕಣ್ಣು ಬಿದ್ದದ್ದು ಅವಳ ಎಡಗೈಯ ಹೆಬ್ಬೆರಳಿನ ಮೇಲೆ. ಬಟ್ಟೆ ಹಿಡಿದಾಗ ಅದೊಂದು ಬೆರಳು ಮಡಿಸಿಕೊಳ್ಳದೆ ನೆಟ್ಟಗೆ ನಿಂತಿರುತ್ತಿತ್ತು. "ನೋಡ್ರಪ್ಪಾ, ನಾಲ್ಕು ಬೆರಳು ಬಟ್ಟೆಗೆ, ಒಂದು ಬೆರಳು ಆಕಾಶಕ್ಕೆ! ಇದನ್ನ ಯಾರೂ ಕಲಿಸೋಕಾಗಲ್ಲ. ಕಸುಬು ಹಾಕಿದ ಸಹಿ ಇದು" ಎಂದರು. ಗೋಡೆಗೆ ಅಂಟಿಸುವ ಪೋಸ್ಟರಿನಲ್ಲೂ ಆ ಹೆಬ್ಬೆರಳೇ. ಪುಟ್ಟಿಗೂ ಅದು ಲಾಂಡ್ರಿಯ ರೀತಿಯೆಂದೇ ನಂಬಿಕೆ. ಅಕ್ಕ ಹಾಗೇ ಹಿಡಿಯುತ್ತಿದ್ದಳು. ಎದುರು ನಿಂತು ನೋಡಿ ನೋಡಿ ತನಗೂ ಬಂತು.

ಇನ್ನು ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಮೇಷ್ಟ್ರು ಹೊಸದೊಂದು ಹೂಡಿದರು. ಭಾನುವಾರ ಬೆಳಗ್ಗೆ ಹತ್ತಕ್ಕೆ ಪ್ರತಿಯೊಬ್ಬರೂ ತಮ್ಮ ಹಳೇ ಕಸುಬಿನವರೊಬ್ಬರನ್ನು ಕರೆತರಬೇಕು. ಅವರು ನೋಡಿ ತಪ್ಪು ಹೇಳಬೇಕು. ಪುಟ್ಟಿ "ನಮ್ಮವರಿಗೆಲ್ಲ ಡ್ಯೂಟಿ ಸರ್, ಊರೂ ದೂರ" ಎಂದು ಜಾರಿಕೊಂಡಳು. ಶನಿವಾರ ಸಂಜೆ ನರ್ಸು, ಸಿಸ್ಟರ್ ಎಂದೇ ಎಲ್ಲರೂ ಕರೆಯುವವಳು, ಅವಳ ಭುಜ ತಟ್ಟಿ ಹೇಳಿದಳು: "ನಿನ್ನ ಕಡೆಯವರು ಯಾರೂ ಇಲ್ಲ ಅಂತ ಮುಖ ಸಪ್ಪಗೆ ಮಾಡ್ಕೋಬೇಡ. ನಮ್ಮ ಹಳೇ ಆಸ್ಪತ್ರೆ ಲಾಂಡ್ರಿಗೆ ಫೋನ್ ಮಾಡಿದ್ದೆ. ಒಬ್ರು ಬರ್ತಾರೆ."

ಸಿಸ್ಟರಿನ ಹಳೇ ಆಸ್ಪತ್ರೆ ಎಂದರೆ ಅದೇ ದೊಡ್ಡಾಸ್ಪತ್ರೆ.

ಅಕ್ಕನಿಗೆ ಡ್ಯೂಟಿ ಇದ್ದರೆ ಬರುವವರು ಬೇರೆ ಯಾರೋ. ಬೇರೆಯವರಾದರೆ ಪುಟ್ಟಿಯನ್ನು ಕಂಡವರಲ್ಲ. ಅಷ್ಟನ್ನೇ ಜಪದಂತೆ ಹೇಳಿಕೊಳ್ಳುತ್ತ ಅವಳು ಗಾಳಿಗೆ ಎದುರಾಗಿ ನಡೆದಳು. ರಸ್ತೆಯಲ್ಲಿ ಅಂಗಡಿಯ ಬೋರ್ಡುಗಳು ಕಿರುಗುಟ್ಟುತ್ತಿದ್ದವು. ಒಂದು ಕಾಗದದ ಚೀಲ ಅವಳ ಮುಂದೆ ಮುಂದೆಯೇ ಉರುಳುತ್ತ, ನಿಂತು, ಮತ್ತೆ ಉರುಳುತ್ತ ತಿರುವಿನವರೆಗೆ ಜೊತೆ ಬಂತು.

ತಂಡ ಅಭ್ಯಾಸ ಮಾಡುವ ಹಾಲ್ ಎಂದರೆ ಸೈಕಲ್ ಬಿಡಿಭಾಗದ ಅಂಗಡಿಯ ಮೇಲಿನ ಹಳೇ ಗೋದಾಮು. ಮರದ ನೆಲ, ಉದ್ದ ಕಿಟಕಿಗಳು. ಮೇಷ್ಟ್ರು ಮಂಡಿಯೂರಿ ಗೀಟು ಹಾಕುತ್ತಿದ್ದರು. ಸೀಮೆಸುಣ್ಣದ ಪುಡಿ ಗಾಳಿಗೆ ಹಾರಿ ಅವರ ಹುಬ್ಬೆಲ್ಲ ಬೆಳ್ಳಗಾಗಿತ್ತು. ಹೇಳಿಬಿಡುವುದೇ ಒಳ್ಳೆಯದು ಎಂದು ಪುಟ್ಟಿಗೆ ಇದ್ದಕ್ಕಿದ್ದ ಹಾಗೆ ಅನ್ನಿಸಿತು. ಯಾರೂ ಬರುವ ಮುಂಚೆ, ಈಗಲೇ.

"ಸರ್, ಒಂದು ಮಾತು."

"ಹಿಡ್ಕೋ ಇದನ್ನ" ಎಂದು ದಾರದ ಒಂದು ತುದಿ ಅವಳ ಕೈಗೆ ಕೊಟ್ಟು ಅವರು ಇನ್ನೊಂದು ತುದಿಯೊಡನೆ ದೂರದ ಗೋಡೆಗೆ ಹೋದರು. ಅಲ್ಲಿಂದ ಕೂಗಿದರು: "ಅಲ್ಲಾಡಬೇಡ! ಹೇಳು, ಏನು?"

ಅಷ್ಟು ದೂರಕ್ಕೆ ಕೂಗಿ ಹೇಳುವ ಮಾತಲ್ಲ ಅದು. "ಏನಿಲ್ಲ ಸರ್" ಎಂದಳು. ದಾರ ಬಿಗಿಯಾಗಿ ನಡುಗುತ್ತಿತ್ತು.

ಒಬ್ಬೊಬ್ಬರೇ ಬರತೊಡಗಿದರು. ಕಂಡಕ್ಟರ್ ತನ್ನ ಹಳೇ ಡ್ರೈವರನ್ನು ಕರೆತಂದಿದ್ದ. ಹೊಟ್ಟೆ ಮುಂದಿಟ್ಟುಕೊಂಡ ಆ ಮನುಷ್ಯ ಒಳಗೆ ಬಂದವನೇ ಸುತ್ತ ನೋಡಿ, "ಏನ್ರೋ ಇದು, ಸೀಟೇ ಇಲ್ಲ! ಇಷ್ಟು ದೊಡ್ಡ ಬಸ್ಸು" ಎಂದ. ವೆಲ್ಡರ್ ತನ್ನ ಕಾರ್ಖಾನೆಯ ಹಿರಿಯ ಮೇಸ್ತ್ರಿಯನ್ನು ಕರೆತಂದಿದ್ದ. ಅವರು ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದರು. ಪುಟ್ಟಿ ಸಿಸ್ಟರನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಹೋದಳು.

"ಲಾಂಡ್ರಿಯಿಂದ ಬರೋರು ಯಾರು ಸಿಸ್ಟರ್?"

"ಹೆಸರು ಕೇಳಲಿಲ್ಲ ಕಣೇ. ಹದಿನೆಂಟು ವರ್ಷ ಸರ್ವಿಸ್ ಅಂತೆ. ರಜೆ ಬರೆದು ಕೊಟ್ಟು ಬರ್ತಿದ್ದಾರೆ, ಎಷ್ಟು ಖುಷಿ ಗೊತ್ತಾ ಆಯಮ್ಮನಿಗೆ!"

ಸ್ಪೆಷಲ್ ಡ್ಯೂಟಿ.

ಪುಟ್ಟಿಯ ಕಾಲು ತಾನಾಗಿ ಬಾಗಿಲ ಕಡೆ ಹೊರಟಿತು. ಎಲ್ಲಿಗೆಂದು ಅವಳಿಗೆ ಗೊತ್ತಿರಲಿಲ್ಲ. ಕೆಳಗೆ ಹೋಗಿ ತಡೆಯುವುದೋ, ತಾನೇ ಓಡಿಹೋಗುವುದೋ. ಮರದ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ನಡುವಿನ ತಿರುವಿಗೆ ಬರುವಷ್ಟರಲ್ಲಿ ಕೆಳಗಿನಿಂದ ನೀಲಿ ಕೋಟು ಏರಿ ಬರುತ್ತಿತ್ತು.

"ಹೆಂಗೆ?" ಎಂದಳು ಅಕ್ಕ, ಏದುಸಿರಿನ ನಡುವೆ ನಗುತ್ತ. "ಗೊತ್ತೇ ಆಗಲಿಲ್ಲ ಅಲ್ವಾ ನಿಂಗೆ? ಎರಡು ವರ್ಷದಿಂದ ಒಂದು ಸಲವಾದ್ರೂ ಬಾ ಅಕ್ಕ ಅಂದಿದೀಯೇನೇ ನೀನು? ಕೊನೆಗೆ ಹೊರಗಿನವರು ಕರೀಬೇಕಾಯ್ತು. ಲಾಂಡ್ರಿ ಮೇಲೆ ಕುಣಿತ ಮಾಡಿದಾರಂತೆ, ನೋಡಿ ಹೇಳಬೇಕಂತೆ! ನಮ್ಮ ಲಾಂಡ್ರಿ ಮೇಲೆ ಕಣೇ!"

"ಅಕ್ಕ, ಒಂದು ನಿಮಿಷ. ಒಳಗೆ ನನ್ನನ್ನ..."

ಅಷ್ಟರಲ್ಲಿ ಮೇಲಿನಿಂದ ಕಂಡಕ್ಟರಿನ ಗಂಟಲು ಮೆಟ್ಟಿಲುಗಳನ್ನೆಲ್ಲ ತುಂಬಿತು. "ಲಾಂಡ್ರೀ! ಹತ್ತು ಹತ್ತು, ಬೇಗ ಹತ್ತು! ಮುಂದೆ ಜಾಗ ಇದೆ, ರೈಟ್!"

"ಬಂದೆ, ಬಂದೆ!" ಎಂದು ಅಕ್ಕ ಕೂಗಿದಳು. ಕೋಟನ್ನು ಎಳೆದು ಸರಿಮಾಡಿಕೊಂಡು ಪುಟ್ಟಿಯ ಕಿವಿಯಲ್ಲಿ, "ನೋಡೇ, ಕೋಟು ನೋಡಿಯೇ ಗುರುತು ಹಿಡಿದ್ರು" ಎಂದು ಹೇಳಿ ಮೇಲಕ್ಕೆ ಹತ್ತಿಬಿಟ್ಟಳು.

ಪುಟ್ಟಿ ಗೋಡೆಗೆ ಒರಗಿದಳು. ತನ್ನ ಹೆಸರಿಗೆ ಇನ್ನೊಬ್ಬರು ಓಗೊಟ್ಟರು ಎಂದು ಅವಳಿಗೆ ಅನ್ನಿಸಿದ್ದು ಒಂದೇ ಗಳಿಗೆ. ಮರುಗಳಿಗೆಗೆ ಅದು ತಿರುವುಮುರುವಾಗಿ ನಿಂತಿತು: ಎರಡು ವರ್ಷ ಅಕ್ಕನ ಹೆಸರಿಗೆ ಓಗೊಟ್ಟವಳು ತಾನು.

ಹಾಲಿನೊಳಗೆ ಸಿಸ್ಟರ್ ಅಕ್ಕನ ಎರಡೂ ಕೈ ಹಿಡಿದು ಸ್ವಾಗತಿಸುತ್ತಿದ್ದಳು. "ಇವಳೇ ನಮ್ಮ ಲಾಂಡ್ರಿ" ಎಂದು ಹಿಂದಿನಿಂದ ಬಂದ ಪುಟ್ಟಿಯನ್ನು ಮುಂದಕ್ಕೆ ತಳ್ಳಿದಳು. "ನಿಮ್ಮ ಕಸುಬಿನವಳೇ. ಆರು ವರ್ಷ ಮಾಡಿದ್ದಾಳೆ, ಬೇರೆ ಊರಿನಲ್ಲಿ."

"ಇವಳಾ? ಇವಳು ನನ್ನ..." ಎಂದ ಅಕ್ಕ ಪುಟ್ಟಿಯ ಮುಖ ನೋಡಿದಳು. ನೆಟ್ಟಗೆ ನೋಡಿ ನಿಲ್ಲಿಸಿದಳು. ತಂಗಿಯ ಮುಖವನ್ನು ಅವಳ ಒಂಬತ್ತನೇ ವಯಸ್ಸಿನಿಂದ ಓದಿಕೊಂಡು ಬಂದವಳು. ಯಾವ ಸಾಲು ಎಲ್ಲಿ ಮುರಿಯುತ್ತದೆಂದು ಬಲ್ಲವಳು. "...ಇವಳು ನನಗೆ ಮೆಟ್ಟಿಲ ಮೇಲೆ ದಾರಿ ತೋರಿಸಿದ್ಲು" ಎಂದು ಮುಗಿಸಿದಳು.

ಬಂದವರಿಗೆಲ್ಲ ಕರಪತ್ರ ಕೊಟ್ಟರು. ಅದರಲ್ಲಿ ಎಂಟು ಜನರ ಚಿಕ್ಕ ಚಿಕ್ಕ ಫೋಟೊ, ಕೆಳಗೆ ಅವರವರ ಹಿಂದಿನ ಕೆಲಸ. ಅಕ್ಕ ಗೋಡೆಯ ಬಳಿಯ ಬೆಂಚಿನ ಮೇಲೆ ಕುಳಿತು ಬೆರಳಿಟ್ಟು ಓದಿದಳು. ಕಂಡಕ್ಟರ್, ಒಂಬತ್ತು ವರ್ಷ. ವೆಲ್ಡರ್, ಹನ್ನೊಂದು ವರ್ಷ. ಬೆರಳು ಐದನೆಯ ಫೋಟೊಗೆ ಬಂದು ನಿಂತಿತು. 'ಆಸ್ಪತ್ರೆಯ ಲಾಂಡ್ರಿಯಲ್ಲಿ ಆರು ವರ್ಷ.' ಬೆರಳು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಹಾಲಿನ ಆ ತುದಿಯಿಂದ ಪುಟ್ಟಿ ಅದನ್ನೇ ನೋಡುತ್ತಿದ್ದಳು. ಅಕ್ಕ ತಲೆಯೆತ್ತಲಿಲ್ಲ. ಕರಪತ್ರವನ್ನು ಎರಡಾಗಿ ಮಡಿಸಿದಳು, ನಾಲ್ಕಾಗಿ ಮಡಿಸಿದಳು, ಅಂಚಿಗೆ ಅಂಚು ಕೂಡುವಂತೆ, ಮತ್ತೆ ಬಿಚ್ಚಿದಳು.

ಮೊದಲು ಕಂಡಕ್ಟರಿನ ಭಾಗ. ಎಂಟೂ ಜನ ಇಲ್ಲದ ಬಸ್ಸಿನೊಳಗೆ ತೂಗಾಡಿದರು. "ತಪ್ಪು, ತಪ್ಪು" ಎಂದು ಡ್ರೈವರ್ ಎದ್ದು ನಿಂತ. "ಕಂಬಿ ಹಿಡ್ಕೊಂಡ್ರೆ ಅವನು ಕಂಡಕ್ಟರ್ ಅಲ್ಲ, ಪ್ಯಾಸೆಂಜರ್. ಕಂಡಕ್ಟರ್ ಸೊಂಟದಲ್ಲಿ ನಿಲ್ತಾನೆ. ಏನೋ, ಒಂಬತ್ತು ವರ್ಷ ನನ್ನ ಬ್ರೇಕಿಗೆ ಬೀಳದೆ ನಿಂತೋನು, ಇಲ್ಲಿ ಕಂಬಿ ಹಿಡೀತೀಯಾ?"

"ಇಲ್ಲಿ ನೆಲ ಅಲ್ಲಾಡಲ್ವಲ್ಲ ಗುರುವೇ, ಅದಕ್ಕೇ ಬೀಳೋ ಹಾಗಾಗುತ್ತೆ" ಎಂದ ಕಂಡಕ್ಟರ್. ಎಲ್ಲರೂ ನಕ್ಕರು. ಮುಂದೆ ವೆಲ್ಡರಿನ ಭಾಗ. ಕೊನೆಯಲ್ಲಿ ಮೇಸ್ತ್ರಿ ಚಪ್ಪಲಿ ಕೆಳಗಿಟ್ಟು ಕಣ್ಣೊರೆಸಿಕೊಂಡು, "ಹೊಗೆ ಇಲ್ಲ, ಅದೊಂದೇ ಕಮ್ಮಿ" ಎಂದರು.

ಆಮೇಲೆ ಬೆಡ್‌ಶೀಟುಗಳು ಬಂದವು. ನಾಲ್ಕು ಜೊತೆ, ನಾಲ್ಕು ಬಿಳಿ ಬಟ್ಟೆ. ತನ್ನ ಜೊತೆಯಲ್ಲಿ ಪುಟ್ಟಿ ಹಿಡಿಯೋಳು, ಸಿಸ್ಟರ್ ಕೊಡೋಳು. ಕಿಟಕಿಯಿಂದ ಗಾಳಿ ಬಂದು ನಾಲ್ಕೂ ಬಟ್ಟೆಗಳನ್ನು ಹೊಟ್ಟೆಯಂತೆ ಉಬ್ಬಿಸಿತು. ಫಟ್! ಒಂದೇ ಸಲಕ್ಕೆ ನಾಲ್ಕು. ನಡೆದು ಬಂದರು, ಕೊಟ್ಟರು, ಬಗ್ಗಿದರು, ಎತ್ತಿದರು. ಎಂಟು ಎಡಗೈಗಳಲ್ಲಿ ಎಂಟು ಹೆಬ್ಬೆರಳು ನೆಟ್ಟಗೆ ನಿಂತಿದ್ದವು.

ಮುಗಿದಾಗ ಮೇಷ್ಟ್ರು ಅಕ್ಕನ ಕಡೆ ತಿರುಗಿದರು.

"ಹೇಳೀಮ್ಮಾ" ಎಂದರು ಮೇಷ್ಟ್ರು. "ತಪ್ಪಿದ್ರೆ ಮುಲಾಜಿಲ್ಲದೆ ಹೇಳಿ."

ಅಕ್ಕ ಎದ್ದು ನಿಂತಿದ್ದಳು. "ಎಲ್ಲಾ ಸರಿಯಾಗಿದೆ" ಎಂದಳು. "ಹುಡುಗಿ ಚೆನ್ನಾಗಿ ಕಲಿಸಿದಾಳೆ."

"ಆ ಹೆಬ್ಬೆರಳು ಯಾಕಮ್ಮಾ ಹಂಗೆ ಎತ್ತೋದು?" ಎಂದ ಡ್ರೈವರ್. "ನಮ್ಮ ಕಡೆ ಹಂಗೆ ಎತ್ತಿದ್ರೆ ಗಾಡಿ ನಿಲ್ಲಿಸಿಬಿಡ್ತೀವಿ."

ಅಕ್ಕ ಡ್ರೈವರಿನ ಕಡೆ ತಿರುಗಿದಳು. "ಅದು... ಬಟ್ಟೆ ಬಿಸಿ ಇರುತ್ತೆ ನೋಡಿ. ರೋಲರಿನಿಂದ ಆಗ ತಾನೇ ಬಂದಿರುತ್ತೆ. ಬೆರಳು ಸುಡಬಾರದು ಅಂತ. ಲಾಂಡ್ರಿಯಲ್ಲಿ ಎಲ್ಲರೂ ಹಂಗೇ."

"ಹಾಗಾ!" ಎಂದು ಮೇಷ್ಟ್ರು ಸಂತೋಷದಿಂದ ಜೇಬಿನ ಚೀಟಿ ತೆಗೆದು ಬರೆದುಕೊಳ್ಳತೊಡಗಿದರು.

ಹೇಳುತ್ತ ಹೇಳುತ್ತ ಅಕ್ಕ ತನ್ನ ಬಲಗೈಯನ್ನು ಕೋಟಿನ ಜೇಬಿಗೆ ಇಳಿಸಿಕೊಂಡಳು. ನಾಲ್ಕು ಬೆರಳು ಸಲೀಸಾಗಿ ಒಳಗೆ ಹೋದವು. ಹೆಬ್ಬೆರಳು ಜೇಬಿನ ಅಂಚಿಗೆ ತಡೆದು ಹೊರಗೇ ನಿಂತಿತು. ಅವಳು ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.

ಪುಟ್ಟಿ ಅದನ್ನು ಕಂಡಳು. ಹದಿನೇಳು ವರ್ಷದಿಂದ ಕಣ್ಣೆದುರಿಗೇ ಇದ್ದದ್ದನ್ನು ಅವಳು ಕಂಡದ್ದು ಆಗ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಕ್ಕ ಕೈಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದಿದ್ದಳು; "ಮಿಷನ್ನು ಮುತ್ತು ಕೊಡ್ತು" ಎಂದು ನಗಿಸಿದ್ದಳು. ಬ್ಯಾಂಡೇಜು ಬಿಚ್ಚಿದ ಮೇಲೆ ಹುಡುಗಿ ಮರೆತಳು. ಅಕ್ಕ ಚಮಚ ಹಿಡಿಯುವುದು ಹೀಗೆ, ಗುಂಡಿ ಹಾಕುವುದು ಹೀಗೆ, ಬಟ್ಟೆ ಹಿಡಿಯುವುದು ಹೀಗೆ. ಅದು ಅಕ್ಕನ ರೀತಿ ಎಂದುಕೊಂಡಳು. ರೀತಿಯಲ್ಲ, ಬೆರಳು ಬಗ್ಗುತ್ತಿರಲಿಲ್ಲ. ಅದನ್ನು ತಾನು ಕಲಿತು, ಏಳು ಜನಕ್ಕೆ ಕಲಿಸಿ, ಪೋಸ್ಟರು ಹಾಕಿಸಿದ್ದಾಳೆ. ಈಗ ಅಕ್ಕ ಆ ಬೆರಳನ್ನು ಬಚ್ಚಿಟ್ಟುಕೊಂಡು ಅವಳಿಗಾಗಿ ಸುಳ್ಳು ಹೇಳುತ್ತಿದ್ದಾಳೆ. ಬೆಳಗ್ಗೆ ಬೆಳಗ್ಗೆ ದೇವರ ಜೊತೆ ಮಾತಾಡಿ ಬಂದ ಬಾಯಿಂದ.

"ಬರೀಬೇಡಿ ಸರ್" ಎಂದಳು ಪುಟ್ಟಿ.

ಮೇಷ್ಟ್ರು ಪೆನ್ಸಿಲು ನಿಲ್ಲಿಸಿದರು.

"ಬಟ್ಟೆ ಬಿಸಿ ಇರುತ್ತೆ ಅಂತ ಅಲ್ಲ. ಅವರ ಹೆಬ್ಬೆರಳು ರೋಲರಿಗೆ ಸಿಕ್ಕಿತ್ತು. ಬಗ್ಗಲ್ಲ ಅದು. ನಾನು ಅದನ್ನ ನೋಡಿ..." ಮಾತು ಒಡೆಯಿತು. ಮತ್ತೆ ಜೋಡಿಸಿಕೊಂಡಳು. "ಅವರು ನಮ್ಮಕ್ಕ. ಹದಿನೆಂಟು ವರ್ಷ ಅವರದ್ದು. ನಂದು ಆರೂ ಇಲ್ಲ, ಆರು ದಿನವೂ ಇಲ್ಲ. ನಾನು ಫೋನ್ ಆಫೀಸಿನಲ್ಲಿದ್ದೆ."

ಸಿಸ್ಟರ್ ತನ್ನ ಎಡಗೈಯ ಹೆಬ್ಬೆರಳನ್ನು ತಾನೇ ನೋಡಿಕೊಂಡು ಮೆಲ್ಲಗೆ ಮಡಿಸಿದಳು.

"ಸುಮ್ನಿರೇ" ಎಂದಳು ಅಕ್ಕ, ಗದರುವ ದನಿಯಲ್ಲಿ. "ಏನೇನೋ ಹೇಳಬೇಡ. ಸರ್, ಚಿಕ್ಕೋಳು, ಗಾಬರಿಯಾಗಿದೆ ಅವಳಿಗೆ."

ಮೇಷ್ಟ್ರು ಅಕ್ಕನ ಬಳಿಗೆ ಬಂದರು. "ಕೈ ತೋರಿಸ್ತೀರಾ?" ಎಂದು ಕೇಳಿದರು. ಅಕ್ಕ ಹಿಂದೆಮುಂದೆ ನೋಡಿ ಜೇಬಿನಿಂದ ಕೈ ತೆಗೆದಳು. ಅವರು ಆ ಕೈ ನೋಡಿ, ಪುಟ್ಟಿಯ ಕೈ ನೋಡಿ, ತಲೆ ಆಡಿಸಿದರು. "ಇವರದು ಬಲಗೈ, ನಿನ್ನದು ಎಡಗೈ. ಎದುರು ನಿಂತು ಕಲಿತಿದ್ದೀಯ. ಕನ್ನಡಿಯಲ್ಲಿ ಕಂಡ ಹಾಗೆ. ಎರಡು ವರ್ಷ ದಿನಾ ನೋಡಿದ್ದೀನಿ, ಹೊಳೀಲೇ ಇಲ್ಲ ನಂಗೆ. ಹದಿನೈದು ವರ್ಷ ಏನು ಪಾಠ ಮಾಡಿದೆನೋ!"

ಅದು ಕೋಪವೋ ಅಲ್ಲವೋ ಪುಟ್ಟಿಗೆ ತಿಳಿಯಲಿಲ್ಲ. "ನಾನು ಹೋಗ್ತೀನಿ ಸರ್" ಎಂದಳು.

"ಎಲ್ಲಿಗೆ?" ಎಂದರು. ಸೀಮೆಸುಣ್ಣವನ್ನು ಅಂಗೈಯಲ್ಲಿ ಹೊರಳಿಸಿದರು. "ಸುಳ್ಳು ಹೇಳಿದ್ದು ನಂಗೆ ಹಿಡಿಸಲಿಲ್ಲ. ಅದನ್ನ ಇವತ್ತೇ ನುಂಗೋಕೂ ನನ್ನಿಂದ ಆಗಲ್ಲ. ಫೋನ್ ಆಫೀಸಿನಲ್ಲಿ ಏನು ಮಾಡ್ತಿದ್ದೆ?"

"ಕಾಯಿಸ್ತಿದ್ದೆ ಸರ್. ಲೈನಿನಲ್ಲೇ ಇರಿ ಅಂತ. ಕೂತೇ ಇರ್ತಿದ್ದೆ."

"ನಾಳೆ ಬರುವಾಗ ಒಂದು ಕುರ್ಚಿ ತಗೊಂಡು ಬಾ. ನೋಡೋಣ." ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ಬೆಡ್‌ಶೀಟುಗಳ ಕಡೆ ಕೈ ತೋರಿಸಿದರು. "ಇದು ಮಾತ್ರ ನಿನ್ನದಲ್ಲ. ಇಟ್ಕೋಬಹುದೋ ಬಿಡಬೇಕೋ, ಯಾರದೋ ಅವರನ್ನ ಕೇಳು. ನಾನು ಕೇಳೋದಲ್ಲ."

ಎಲ್ಲರ ಕಣ್ಣೂ ಅಕ್ಕನ ಮೇಲೆ. ಅವಳಿಗೆ ಅಷ್ಟು ಕಣ್ಣುಗಳ ಅಭ್ಯಾಸವಿರಲಿಲ್ಲ. ಕೋಟಿನ ಅಂಚನ್ನು ಜಗ್ಗಿದಳು. "ನಂದು ಅಂತ ಏನಿದೆ ಅದರಲ್ಲಿ? ಬೆಡ್‌ಶೀಟು ಮಡಿಸೋದು ಯಾರಪ್ಪನ ಆಸ್ತಿ!" ಎಂದಳು. ಆಮೇಲೆ, ತಡೆಯಲಾರದೆ, "ಆದ್ರೆ ಬೆರಳು ಬಗ್ಗೋರು ಬಗ್ಗಿಸ್ರಪ್ಪಾ! ಎಂಟು ಜನಾನೂ ಆ ಮಿಷನ್ನಿಗೆ ಕೈ ಕೊಟ್ಟವರ ಹಾಗೆ ನಿಂತಿದ್ದೀರಲ್ಲ, ನೋಡೋಕಾಗಲ್ಲ ನಂಗೆ."

ಮೊದಲು ನಕ್ಕವನು ಡ್ರೈವರ್. ಆಮೇಲೆ ಕಂಡಕ್ಟರ್. ನಗು ಹಾಲಿನ ಸುತ್ತ ಹೋಗಿ ಪುಟ್ಟಿಯ ಹತ್ತಿರ ಬಂದು ನಿಂತಿತು. ಅವಳಿಗೆ ನಗು ಬರಲಿಲ್ಲ.

"ಹಂಗಲ್ಲ, ತೋರಿಸ್ತೀನಿ" ಎಂದು ಅಕ್ಕ ನೆಲದ ಮೇಲಿದ್ದ ಬೆಡ್‌ಶೀಟೊಂದನ್ನು ಎತ್ತಿಕೊಂಡಳು. "ಹೆಬ್ಬೆರಳು ಒಳಗೆ. ಅಂಚನ್ನ ಅದರ ಕೆಳಗೆ ಅದುಮಬೇಕು, ಇಲ್ಲದಿದ್ರೆ ಜಾಡಿಸಿದಾಗ ಜಾರುತ್ತೆ. ನಂದು ಜಾರುತ್ತೆ, ಅದಕ್ಕೇ ನಾನು ಯಾವಾಗ್ಲೂ ಹಿಡಿಯೋಳು. ಯಾರಾದ್ರೂ ಬನ್ರೀ ಆ ಕಡೆ."

ಸಿಸ್ಟರ್ ಒಂದು ಹೆಜ್ಜೆ ಮುಂದಿಟ್ಟವಳು ಹಿಂದೆ ಸರಿದಳು.

ಪುಟ್ಟಿ ಹೋಗಿ ಆ ಕಡೆಯ ಎರಡು ಮೂಲೆಗಳನ್ನು ಎತ್ತಿಕೊಂಡಳು. ಈ ಹಾಲಿನಲ್ಲಿ ಬಟ್ಟೆ ಹಿಡಿದು ಅವಳು ಕೊಡೋಳ ಕಡೆ ನಿಂತದ್ದೇ ಇಲ್ಲ. ಹೆಬ್ಬೆರಳನ್ನು ಒಳಗೆ ಮಡಿಸಿದಳು. ಅದು ಮೊದಲು ಒಪ್ಪಲಿಲ್ಲ. ಮತ್ತೆ ಮಡಿಸಿ ಅಂಚನ್ನು ಅದುಮಿದಳು. ಬಟ್ಟೆ ಅವಳ ಕೈಯಲ್ಲಿ ಬೇರೆಯೇ ಆಗಿ, ಬಿಗಿಯಾಗಿ ಕೂತಿತು.

ಇಬ್ಬರೂ ಎಳೆದರು. ಕಿಟಕಿಯ ಗಾಳಿ ನಡುವೆ ಬಂದು ಬಟ್ಟೆಯನ್ನು ಎತ್ತಲು ನೋಡಿ ಬಿಟ್ಟಿತು. ಫಟ್ಟೆಂದು ಜಾಡಿಸಿದರು. ಅಕ್ಕ ನಿಂತಲ್ಲೇ ನಿಂತು ಕೈ ಚಾಚಿದಳು, ಬಲಗೈಯ ಹೆಬ್ಬೆರಳು ಎಂದಿನಂತೆ ನೆಟ್ಟಗೆ.

ಪುಟ್ಟಿ ಮೇಷ್ಟ್ರು ಹಾಕಿದ ಗೀಟುಗಳನ್ನೆಲ್ಲ ತುಳಿದುಕೊಂಡು ನೇರವಾಗಿ ನಡೆದು ಬಂದು, ಎರಡು ಮೂಲೆಗಳನ್ನೂ ಅಕ್ಕನ ಕೈಯಲ್ಲಿ ಇಟ್ಟಳು.